ಬೆನ್ನ ಮೇಲಿನ ಬೆರಳು

ಹಗರಿಬೊಮ್ಮನಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಸಾಲಿನ ಮುಖ್ಯಸ್ಥೆಯಾಗಿದ್ದ ದ್ಯಾಮಕ್ಕ ತೀರಿಕೊಂಡ ಮೇಲೆ ಆ ಜಾಗಕ್ಕೆ ಶಿವಲೀಲಾ ಬಂದಳು. ಮಷಿನ್ ಗದ್ದಲದಲ್ಲಿ ದ್ಯಾಮಕ್ಕ ಎಂದೂ ಕೂಗಿದವಳಲ್ಲ. ಬೆನ್ನಿಗೆ ಎರಡು ಸಲ ಬೆರಳು ತಟ್ಟಿದರೆ ಏನು ಮಾಡಬೇಕೆಂದು ಹೆಂಗಸರು ತಿಳಿದುಕೊಳ್ಳುತ್ತಿದ್ದರು. ಶಿವಲೀಲಾ ಗಂಟಲು ಹರಿಯುವಂತೆ ಕೂಗಿದರೂ ಯಾರೂ ತಲೆ ಎತ್ತುತ್ತಿರಲಿಲ್ಲ.

ಸಾಲಿನವರು ಅವಳಿಗೆ ಹೊಂದಿಕೊಳ್ಳಲಿ ಎಂದು ಕಂಪನಿಯವರು ಜೋಡಿ ಕುಣಿತ ಕಲಿಸುವ ಮೇಷ್ಟರನ್ನು ಹೊಲಿಗೆ ಹಾಲಿಗೇ ಕರೆಸಿದರು. ಒಬ್ಬರು ನಡೆಸಬೇಕು, ಇನ್ನೊಬ್ಬರು ಕಣ್ಣು ಮುಚ್ಚಿ ನಡೆಯಬೇಕು. ಇಲ್ಲೂ ಸೋತರೆ ಶಿವಲೀಲಾಳ ಮುಖ್ಯಸ್ಥೆಯ ಸ್ಥಾನ ಹೋಗುವುದಿತ್ತು.

ಜೋಡಿಗೆ ಬಂದ ಪಂಪಮ್ಮನನ್ನು ಅವಳು ಎಳೆದಾಡಿದಳು.

"ಲೇ ಶಿವಲೀಲಾ, ನಾನೇನು ಎತ್ತೇನ, ಹಂಗ ಜಗ್ಗಾಕ?" ಎಂದು ಪಂಪಮ್ಮ ಕೈ ಕೊಡವಿದಳು. ಎಲ್ಲರೂ ನಕ್ಕರು.

"ಮೊದಲು ನೀವು ಕಣ್ಣು ಮುಚ್ರಿ," ಎಂದರು ಮೇಷ್ಟರು.

ಶಿವಲೀಲಾ ಕಣ್ಣು ಮುಚ್ಚಿದಳು. ತಣ್ಣನೆಯ ಕೈಯೊಂದು ಅವಳ ಕೈ ಹಿಡಿಯಿತು. ಬೆನ್ನಿಗೆ ಬೆರಳು ಎರಡು ಸಲ ತಟ್ಟಿತು, ಅವಳು ತಿರುಗಿದಳು. ಒಂದು ಮಷಿನ್ನಿಗೂ ತಾಗದೆ ಇಡೀ ಹಾಲ್ ಸುತ್ತಿದಳು.

"ನಾ ನೀರು ಕುಡದು ಬರೋದ್ರಾಗ ಒಬ್ಬಾಕೀನ ಕುಣಿಯಾಕತ್ತೀಯಲ್ಲ!" ಬಾಗಿಲಿನಿಂದ ಪಂಪಮ್ಮನ ದನಿ.

ಕಣ್ಣು ತೆರೆದರೆ ಎದುರಿಗೆ ಯಾರೂ ಇಲ್ಲ. ಅಂಗೈ ಮಾತ್ರ ತಣ್ಣಗಿತ್ತು.

ಮತ್ತೆ ಅವಳು ನಡೆಸುವ ಸರದಿ ಬಂತು. ಪಂಪಮ್ಮ ಗೊಣಗುತ್ತಲೇ ಕಣ್ಣು ಮುಚ್ಚಿದಳು. ಶಿವಲೀಲಾಳ ಬೆರಳು ತಾನಾಗಿ ಅವಳ ಬೆನ್ನಿಗೆ ಎರಡು ಸಲ ತಟ್ಟಿತು. ಪಂಪಮ್ಮ ನೀರಿನ ಮೇಲಿನ ಎಲೆಯಂತೆ ತಿರುಗಿ ಬಂದಳು. ಮೇಷ್ಟರು ಭಲೇ ಎಂದು ಚಪ್ಪಾಳೆ ತಟ್ಟಿದರು.

ಪಂಪಮ್ಮನ ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. "ದ್ಯಾಮಕ್ಕಾ, ಯಾವಾಗ ಬಂದಿ?" ಎಂದಳು. "ನಿನ್ನ ಕೈ ಯಾಕ ಇಷ್ಟು ತಣ್ಣಗೈತಿ?"

ಶಿವಲೀಲಾ ಕೈ ಬಿಡಿಸಿಕೊಳ್ಳಲು ನೋಡಿದಳು. ಸಾಲಿನವರೆಲ್ಲ ಅವಳ ಮಾತು ಕೇಳಲು ಸಿದ್ಧರಾಗಿ ನಿಂತಿದ್ದರು. ಅವಳ ಕೈ ಮಾತ್ರ ಅವಳ ಮಾತು ಕೇಳಲಿಲ್ಲ.