ಖೌಟಾ ಪಾತ್ರೆ ತೊಳೆದದ್ದು

ಇಪ್ಪತ್ತಾರು ವರ್ಷ ಚಿನ್ನದ ಗಣಿಯಲ್ಲಿ ಕೊರೆಯುವ ಯಂತ್ರಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದವನು ಖೌಟಾ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಅವನ ಪ್ರಕಾರ ಚೊಕ್ಕಟ ಎಂದರೆ ಅದು. ಹೀಗಾಗಿ ತೀರಿಹೋದ ಹೆಂಡತಿ ಮಾಪಲೆಸಾಳ ಬಿಯರ್ ಪಾತ್ರೆಗಳನ್ನು ಅಂಗಳಕ್ಕೆ ತಂದಾಗ ಅವನಿಗೆ ನಾಚಿಕೆಯೇ ಆಯಿತು. ದೊಡ್ಡದೊಂದು ಮಣ್ಣಿನ ಮಡಕೆ, ಪ್ಲಾಸ್ಟಿಕ್ ಡ್ರಮ್ಮು, ಹುಲ್ಲಿನಿಂದ ಹೆಣೆದ ಉದ್ದನೆಯ ಸೋಸುಬುಟ್ಟಿ, ಮುಷ್ಟಿಗಾತ್ರದ ಸೋರೆಬುರುಡೆ. ಒಂದೊಂದರ ಒಳಗೂ ಕಂದು ಕರೆ. ಇಂಥದ್ದರಲ್ಲಿ ಮಾಡಿದ್ದನ್ನೇ ಊರೆಲ್ಲ ಚಪ್ಪರಿಸಿ ಕುಡಿಯಿತೇ ಎಂದುಕೊಂಡ.

ಬರುವ ತಿಂಗಳ ಮೊದಲ ಶನಿವಾರ ಮನೆಯವರು ವರ್ಷದಿಂದ ತೊಟ್ಟ ಸೂತಕದ ಕಪ್ಪು ಬಟ್ಟೆ ಕಳಚುವುದಿತ್ತು. ಅವತ್ತು ಬಂದವರಿಗೆಲ್ಲ ಜೋಳದ ಬಿಯರ್ ಕೊಡಬೇಕು. ಮಗಳು ಪಲೆಸಾ, "ಪಕ್ಕದ ಮನೆ ಮಾಥೂಸೊ ಅಮ್ಮನ ಹತ್ರ ತಂದ್ರಾಯ್ತು" ಅಂದಿದ್ದಳು. ಖೌಟಾ ಒಪ್ಪಲಿಲ್ಲ. ಹೆಂಡತಿಯ ನೆನಪಿಗೆ ಕುಡಿಯುವುದು ಹೆಂಡತಿಯ ಬಿಯರೇ ಆಗಬೇಕು, ಗಂಡಸು ಒಲೆ ಮುಂದೆ ಕೂತ ಎಂದು ಊರು ನಕ್ಕರೆ ನಗಲಿ. ಅದರಲ್ಲೂ ಮಾಥೂಸೊಳದಂತೂ ಬೇಡವೇ ಬೇಡ. ಅಂಗಳದಲ್ಲಿ ಬಿಳಿ ಬಾವುಟ ಏರಿಸಿ ಬಿಯರ್ ಮಾರುವ ಆ ಮುದುಕಿ, "ನನ್ನ ಬಿಯರಿಗೆ ಹಾಕೋ ಹೆಪ್ಪು ನಮ್ಮಮ್ಮನ ಕಾಲದ್ದು, ಮಾಪಲೆಸಾಳದು ನಿನ್ನೆ ಮೊನ್ನೆಯದು" ಎಂದು ಇಪ್ಪತ್ತು ವರ್ಷ ಬಂದವರಿಗೆಲ್ಲ ಹೇಳಿದ್ದಳು. ಮಾಪಲೆಸಾ ಕೇಳಿಸಿಕೊಂಡು ನಗುತ್ತಿದ್ದಳು, ಅಷ್ಟೇ.

ಖೌಟಾ ಒಂದು ಇಡೀ ದಿನ ತೊಳೆದ. ಮಡಕೆಗೆ ಸೋಪಿನ ಪುಡಿ, ಡ್ರಮ್ಮಿಗೆ ತಂತಿ ಬ್ರಷ್ಷು, ಬುರುಡೆಗೆ ಚಾಕುವಿನ ತುದಿ. ಸೋಸುಬುಟ್ಟಿಯನ್ನು ತೊಳೆದು ಮಡಚಿ ಟ್ರಂಕಿನಲ್ಲಿಟ್ಟ. ಮೂರು ದಿನ ಬಿಟ್ಟು, ಕೈ ಪಳಗಲಿ ಎಂದು, ಮೊಳಕೆ ಜೋಳದ ಹಿಟ್ಟನ್ನು ಬೇಯಿಸಿ, ಅಂಗಡಿಯ ಯೀಸ್ಟ್ ಹಾಕಿ ಒಂದಿಷ್ಟು ಮಾಡಿ ನೋಡಿದ. ಬಂದದ್ದನ್ನು ಹಿತ್ತಲಿಗೆ ಚೆಲ್ಲಿದರೆ ಕೋಳಿ ಕೂಡ ಮೂಸಲಿಲ್ಲ.

ವಾಸನೆ ಹಿಡಿದು ಮಾಥೂಸೊ ಬಂದಳು.

"ಏನಪ್ಪಾ ಖೌಟಾ, ಬಿಯರ್ ಮಾಡ್ದ್ಯೋ, ಬಟ್ಟೆ ಒಗೆದ್ಯೋ?"

"ಚೊಕ್ಕಟವಾಗೇ ಮಾಡಿದ್ದು ಅಮ್ಮಾ."

"ಅದು ಗೊತ್ತಾಗ್ತಿದೆ." ಅವಳು ಮಡಕೆಯೊಳಗೆ ತಲೆ ಹಾಕಿ ಮೂಸಿದಳು. "ಮಣ್ಣಿನ ಮಡಕೆ ಕಣೋ, ಸೋಪು ಕುಡಿದು ಕೂತಿದೆ. ಇನ್ನು ಏನು ಹಾಕಿದ್ರೂ ಅದನ್ನೇ ಉಗುಳುತ್ತೆ."

"ಹಾಗಾದ್ರೆ ಒಡೆದು ಹಾಕ್ಲಾ?"

"ಒಡೆಯೋದೊಂದೇ ಗೊತ್ತು ಗಣಿಯವ್ರಿಗೆ. ತೌಡು ಹಾಕಿ ನೀರು ಕುದಿಸು, ಚೆಲ್ಲು, ಮತ್ತೆ ಕುದಿಸು. ವಾಸನೆ ಹೋದ್ಮೇಲೆ ಕಲ್ಲಿಗೆ ಓರೆಯಾಗಿ ಒರಗಿಸಿ ಬಿಸಿಲಿಗಿಡು. ಬೋರಲು ಹಾಕಿದ್ರೆ ಒಳಗೇ ಬೆವರುತ್ತೆ."

ಆಮೇಲೆ ಡ್ರಮ್ಮಿನ ಒಳಮೈ ಮೇಲೆ ಉಗುರು ಎಳೆದಳು. "ಈ ಗೀರಿನೊಳಗೆಲ್ಲ ಹುಳಿ ಕೂತ್ಕೊಳ್ಳುತ್ತೆ. ಇದು ಇನ್ನು ಹಂದಿಗೆ ನೀರಿಡೋಕೆ. ಬೇರೆ ತಗೋ. ಮೆತ್ತನೆ ಬಟ್ಟೇಲಿ ತೊಳಿ, ಒಣಗಿಸಿ ಮುಚ್ಚಳ ತೆಗೆದಿಡು." ಸೋಸುಬುಟ್ಟಿ ಕೇಳಿದಳು. ಟ್ರಂಕಿನಿಂದ ತೆಗೆದರೆ ಮಡಚಿದ ಕಡೆಯೆಲ್ಲ ಹಸಿರು ಬೂಷ್ಟು. ಬೈಯುತ್ತಲೇ ಬಿಸಿನೀರಲ್ಲಿ ಅದ್ದಿ ಉಜ್ಜಿ, ಗಾಳಿಯಾಡುವ ಕಡೆ ಗೋಡೆಯ ಮೊಳೆಗೆ ತಾನೇ ನೇತುಹಾಕಿದಳು.

ಕೊನೆಗೆ ಸೋರೆಬುರುಡೆ ಎತ್ತಿಕೊಂಡು ಒಳಗೆ ಬೆರಳು ಆಡಿಸಿದಳು. "ಇದರೊಳಗಿದ್ದದ್ದು ಎಲ್ಲಿ?"

"ಕರೆ ಕಟ್ಟಿತ್ತು. ಕೆರೆದು ತಿಪ್ಪೆಗೆ ಹಾಕ್ದೆ."

ಮಾಥೂಸೊ ಈ ಸಲ ಗೇಲಿ ಮಾಡಲಿಲ್ಲ. "ಅದು ಹೆಪ್ಪು ಕಣಪ್ಪಾ. ಒಣಗಿಸಿ ಇಟ್ಟಿದ್ಳು. ಬಿಸಿ ಗಂಜಿ ಹಾಕಿದ್ರೆ ಎದ್ದು ಬರ್ತಿತ್ತು."

ಇಡೀ ವರ್ಷ ಹೆಂಡತಿಯ ಕೈಯದೊಂದು ಜೀವ ಮನೆಯಲ್ಲೇ ಇತ್ತು, ಅದನ್ನು ಖೌಟಾ ತಾನೇ ಕೆರೆದು ಎಸೆದಿದ್ದ. "ಇನ್ನು ಮಾಡಿದ್ರೂ ಅವಳದಾಗಲ್ಲ" ಅಂದ. "ಶನಿವಾರಕ್ಕೆ ನೀವೇ ಮಾಡ್ಕೊಡಿ ಅಮ್ಮಾ."

ಅವಳು ಬುರುಡೆ ಕೆಳಗಿಟ್ಟು ಹೊರಟುಹೋದಳು. ಊರಿಗೆಲ್ಲ ಸಾರಲು ಹೋದಳು ಎಂದೇ ಅವನು ತಿಳಿದ. ಆದರೂ ಸುಮ್ಮನೆ ಕೂರಲಾಗದೆ ಮಡಕೆಯಲ್ಲಿ ತೌಡಿನ ನೀರು ಕುದಿಸಿದ. ಐದನೆಯ ಸಲಕ್ಕೆ ಸೋಪಿನ ವಾಸನೆ ಹೋಯಿತು.

ಮರುದಿನ ಬೆಳಿಗ್ಗೆ ಮಾಥೂಸೊ ಲೋಟವೊಂದರ ಬಾಯಿಗೆ ಚಿಂದಿ ಕಟ್ಟಿ ತಂದು ಅವನ ಮುಂದಿಟ್ಟಳು. "ಹೆಪ್ಪು. ನಮ್ಮಮ್ಮನ ಕಾಲದ್ದು."

ಚಿಂದಿ ಬಿಚ್ಚಹೋದ ಖೌಟಾನ ಕೈ ನಿಂತಿತು. ಮಾಸಿದ ನೀಲಿ ಬಟ್ಟೆ, ಅಡ್ಡಕ್ಕೆ, ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಪಟ್ಟಿ. ಗಣಿಯಲ್ಲಿ ಅವನೇ ತೊಡುತ್ತಿದ್ದ ಅಂಗಿಯ ತೋಳು. ಹರಿದದ್ದನ್ನು ಮನೆಗೆ ತಂದಾಗ ಮಾಪಲೆಸಾ ಹೆಪ್ಪು ಕಟ್ಟಲೆಂದೇ ಕತ್ತರಿಸಿಕೊಂಡಿದ್ದಳು.

"ನಿಮ್ಮಮ್ಮ ಗಣಿಯಲ್ಲಿ ಕೆಲಸ ಮಾಡ್ತಿದ್ರಾ ಅಮ್ಮಾ?"

ಮಾಥೂಸೊ ಸೋಸುಬುಟ್ಟಿಯ ಕಡೆ ನೋಡುತ್ತ ನಿಂತಳು. "ಒಂದು ಸಲ ನಂದು ಪೂರಾ ಕೆಟ್ಟುಹೋಯ್ತು. ಕೇಳೋಕೆ ಬಾಯಿ ಬರ್ಲಿಲ್ಲ. ತಾನೇ ತಂದ್ಕೊಟ್ಳು." ಅವನ ಕಡೆ ತಿರುಗಿ ಕೇಳಿದಳು: "ನಿಂಗೂ ಹೇಳಿರ್ಲಿಲ್ವಾ?"

"ಇಲ್ಲ."

"ಬೇಕಾದ್ರೆ ಎಲ್ಲರ ಮುಂದೆ ಹೇಳ್ಕೋ."

"ಅವಳೇ ಹೇಳ್ಲಿಲ್ಲ. ನಾನ್ಯಾಕೆ ಹೇಳ್ಲಿ."

ಶನಿವಾರ ಕಪ್ಪು ಬಟ್ಟೆ ಕಳಚಿದ ಮೇಲೆ ಖೌಟಾ ಆ ಹೆಪ್ಪಿನಿಂದ ತಾನೇ ಮಾಡಿದ ಬಿಯರ್ ಹಂಚಿದ. ಹಿರಿಯರೊಬ್ಬರು ಒಂದು ಗುಟುಕು ಕುಡಿದು, ಇನ್ನೊಂದು ಕುಡಿದು, "ಇದು ಯಾರ ಮನೇದು? ಮಾಥೂಸೊ, ನಿಂದಾ?" ಎಂದು ಕೇಳಿದರು.

ಖೌಟಾ ತಲೆ ತಗ್ಗಿಸಿ ಲೋಟ ತುಂಬುತ್ತಲೇ ಇದ್ದ. ಮಾಥೂಸೊ ಹೊದ್ದ ಕಂಬಳಿ ಸರಿಮಾಡಿಕೊಂಡು ಎದ್ದು ನಿಂತಳು.

"ಮಾಪಲೆಸಾಳದು" ಅಂದಳು. "ಇಪ್ಪತ್ತು ವರ್ಷದಿಂದ ನೀವು ನಮ್ಮನೇಲಿ ಕುಡೀತಿರೋದೂ ಅವಳದೇ."