ಆದಿಲಕ್ಷ್ಮಮ್ಮನ ಹೆಸರಿನ ಕೊಳ

ಬಾಯಾರಿದ ಜೀವಕ್ಕೆ ನೀರಿಟ್ಟು ಪುಣ್ಯ ಕಟ್ಟಿಕೊಂಡ ನೀವು, ಆ ಜೀವ ಕುಡಿದು ಹಿಂದಿರುಗಿತೇ ಎಂದು ಒಮ್ಮೆಯಾದರೂ ಬಗ್ಗಿ ನೋಡಿದ್ದೀರಾ? ತಮಿಳು ಗಡಿಯ ಮತ್ತಿಗಿರಿಯ ಜಯರಾಮಯ್ಯನವರು ನೋಡಿರಲಿಲ್ಲ. ೨೦೦೬ರ ಬೇಸಿಗೆಯ ಆ ಮಧ್ಯಾಹ್ನ, ಹೆಂಡತಿಯ ವರ್ಷದ ತಿಥಿಯ ಎಡೆಯನ್ನು ಹಿತ್ತಲಿನ ಗೋಡೆಯ ಮೇಲಿಟ್ಟು, ಕೈಮುಗಿದು ಆಕಾಶವನ್ನೇ ದಿಟ್ಟಿಸುತ್ತಿದ್ದರು. ಕಾಗೆಗಳು ಬಂದಿದ್ದವು, ಗಂಟಲು ಹರಿಯುವಂತೆ ಕಿರುಚುತ್ತಿದ್ದವು, ಎಲೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಡೆಂಕಣಿಕೋಟೆಯಿಂದ ಬಂದಿದ್ದ, ಸತ್ತವಳ ತಂಗಿ ನಾರಾಯಣಮ್ಮ ಗೋಡೆಯತ್ತ ಕೂಗಿದಳು: "ಅಕ್ಕಯ್ಯಾ, ಏನ್ ಆಸೆ ಇಟ್ಕಂಡಿದೀಯೇ? ನಿನ್ ರೇಶ್ಮೆ ಸೀರೆ ನಂಗೇ ಸೇರ್ಬೇಕು ಅಂತಾನಾ? ಆಯ್ತು ಕಣೇ, ತಗಂಡೋಗ್ತೀನಿ. ಬಾ, ಮುಟ್ಟು!"

"ಒಸಿ ಬೇಗ ಮುಟ್ಟೋಕ್ ಹೇಳು ಚಿಕ್ಕಮ್ಮ, ನಂಗೆ ಸೆಕೆಂಡ್ ಶಿಫ್ಟ್ ಐತೆ," ಎಂದ ಮಗ ಸುರೇಂದ್ರ.

ನೆಂಟರು ಸೆರಗಿನ ಮರೆಯಲ್ಲಿ ನಕ್ಕರು. ಜಯರಾಮಯ್ಯ ನಗಲಿಲ್ಲ. "ಅವಳಿಗೆ ಇನ್ನೇನ್ ಕಮ್ಮಿ ಮಾಡಿದೀನಿ? ಕೊಳಾನೇ ಕಟ್ಸಿದೀನಲ್ಲ!" ಎಂದರು.

ಕಟ್ಟಿಸಿದ್ದು ನಿಜ. ಆದಿಲಕ್ಷ್ಮಮ್ಮ ಬದುಕಿರುವವರೆಗೂ ಒಡೆದ ಮಡಕೆಯ ತಳದಲ್ಲಿ ಹಕ್ಕಿಗಳಿಗೆ ನೀರಿಡುತ್ತಿದ್ದಳು. ಅವಳು ಹೋದ ಮೇಲೆ ಗಂಡ ಹಿತ್ತಲನ್ನು ಅಗೆಸಿ, ಹಕ್ಕಿ, ಅಳಿಲು, ಮುಂಗುಸಿಗಳೆಲ್ಲ ಬಂದು ಕುಡಿಯಲೆಂದು ತೊಡೆಮಟ್ಟದ ಕೊಳ ಮಾಡಿಸಿದರು. ಗಾರೆಯ ವೆಂಕಟಸ್ವಾಮಿ ಮೂಕಂಡಪಲ್ಲಿಯ ಮನೆಗಳಿಗೆ ಸಂಪು ಕಟ್ಟಿ ಕೈ ಪಳಗಿದವನು. ತನಗೆ ತಿಳಿದ ರೀತಿಯಲ್ಲೇ ನಾಲ್ಕೂ ಗೋಡೆಗಳನ್ನು ನೆಟ್ಟಗೆ ಎಬ್ಬಿಸಿ, ಸಿಮೆಂಟಿನ ತಿಳಿ ಬಳಿದು ಉಜ್ಜಿ, "ಇರುವೆ ಹತ್ತಿದ್ರೂ ಜಾರ್ಬೇಕು, ಹಂಗ್ ಮಾಡಿದೀನಿ ನೋಡಣ್ಣ," ಎಂದು ಹೆಮ್ಮೆಪಟ್ಟಿದ್ದ.

ಜಾರಿದ್ದು ಇರುವೆಗಳಲ್ಲ. ಅದು ಸೊಸೆ ರಾಧಾಮಣಿಯೊಬ್ಬಳಿಗೇ ಗೊತ್ತಿತ್ತು. ಮಾವ ಏಳುವ ಮೊದಲೇ ಎದ್ದು, ತೇಲುತ್ತಿದ್ದ ಅಳಿಲನ್ನೋ ಓತಿಕ್ಯಾತವನ್ನೋ ಬಿದಿರಿನ ಮಂಕರಿಯಲ್ಲಿ ಎತ್ತಿ, ನುಗ್ಗೆಮರದ ಬುಡದಲ್ಲಿ ಹೂಳುತ್ತಿದ್ದಳು. ಹತ್ತಿ ಬರಲೆಂದು ಒಮ್ಮೆ ತೆಂಗಿನ ಗರಿ ಇಳಿಬಿಟ್ಟಳು, "ಪುಣ್ಯದ ನೀರಿಗೆ ಕಸ ಹಾಕ್ದೋರ್ ಯಾರು?" ಎಂದು ಮಾವ ಕಿತ್ತೆಸೆದರು. ಇನ್ನೊಮ್ಮೆ ಹಲಗೆ ಇಟ್ಟಳು. ಅದು ಒಲೆ ಸೇರಿತು. ಅತ್ತೆಯ ಹೆಸರಿನ ನೀರು ಕೊಲ್ಲುತ್ತಿದೆ ಎಂದು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಸತ್ತವಳನ್ನೇ ಬೈದಂತೆ. ಆದ್ದರಿಂದ ಅವಳು ಸುಮ್ಮನಿದ್ದಳು, ಸುಮ್ಮನಿರುವುದನ್ನು ಮರ್ಯಾದೆ ಎಂದುಕೊಂಡಳು. ಹೆದರಿಕೆಗೆ ನಾವೆಲ್ಲರೂ ಇಡುವ ಹೆಸರು ಅದೇ ಅಲ್ಲವೇ?

ಈಗ ಕಾಗೆಗಳ ಕೂಗಿನ ನಡುವೆ ನೀರು ಬಡಿಯುವ ಸದ್ದು ಅವಳಿಗೆ ಕೇಳಿಸಿತು. ಬಗ್ಗಿ ನೋಡಿದಳು. ಪುಕ್ಕ ಬಲಿಯದ ಕಾಗೆಮರಿಯೊಂದು ಕೊಕ್ಕನ್ನು ಮೇಲೆತ್ತಿ, ಗೋಡೆಗೆ ಉಗುರು ಹಾಕಿ ಹಾಕಿ ಜಾರುತ್ತಿತ್ತು.

"ಮಾವ, ಮರಿ ಬಿದ್ದೈತೆ. ಅದಕ್ಕೇ ಅವು ಮುಟ್ತಿಲ್ಲ."

"ಮಂಕ್ರೀಲಿ ಎತ್ತಿ ಆಚೆಗ್ ಬಿಡು. ಅದಕ್ಯಾಕ್ ಇಷ್ಟ್ ಮಾತು?"

"ಇದನ್ನ ನೋಡಿದ್ವಿ, ಎತ್ತೀವಿ. ನೋಡ್ದೆ ಇದ್ದವು?" ಅವಳು ಹಿತ್ತಲ ಮೂಲೆಯತ್ತ ಕೈ ತೋರಿದಳು. "ನುಗ್ಗೆಮರದ ಬುಡ ಅಗೆಸಿ ನೋಡಿ ಮಾವ. ಅಳಿಲು, ಗುಬ್ಬಿ, ಮುಂಗುಸಿ ಮರಿ, ಈ ನೀರ್ ಕುಡಿಯೋಕ್ ಬಂದು ಸತ್ತವೆಲ್ಲಾ ಅಲ್ಲೇ ಅವೆ."

"ಬಾಯ್ ಮುಚ್ಚೇ! ತಿಥಿ ದಿನ ಏನ್ ಮಾತಾಡ್ತಿದೀಯ?" ಸುರೇಂದ್ರ ಮುಂದೆ ಬಂದ.

ಕೊಳದ ದಂಡೆಗೆ ಸೊಂಟದೆತ್ತರದ ಕಲ್ಲೊಂದನ್ನು ಒರಗಿಸಿಟ್ಟಿದ್ದರು. ಆದಿಲಕ್ಷ್ಮಮ್ಮನ ಹೆಸರನ್ನು ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ ಕೆತ್ತಿಸಿ, ಕುಂಕುಮವಿಟ್ಟು, ಅಂದೇ ಹಿತ್ತಲಿನ ಗೋಡೆಗೆ ಕೂರಿಸಲೆಂದು ಸಿದ್ಧಮಾಡಿದ್ದ ಕಲ್ಲು. ಗಂಡನ ಕೈ ಮೈಮುಟ್ಟುವ ಮೊದಲೇ ರಾಧಾಮಣಿ ಅದನ್ನು ತಬ್ಬಿ, ಮರಿಯಿಲ್ಲದ ಮಗ್ಗುಲಿಗೆ ನೂಕಿದಳು. ನೀರು ಎಲ್ಲರ ಮುಖಕ್ಕೂ ಸಿಡಿಯಿತು. ಕಲ್ಲು ದಂಡೆಗೆ ತಲೆಯೂರಿ ಓರೆಯಾಗಿ ನಿಂತಿತು.

ಮರಿ ತೇಲಿ ಬಂದು ಕಲ್ಲಿಗೆ ತಾಗಿತು. ಕೆತ್ತಿದ ಅಕ್ಷರಗಳ ಗೀರಿಗೆ ಉಗುರು ಸಿಕ್ಕಿಸಿ, ಒಂದೊಂದೇ ಅಕ್ಷರ ಹತ್ತಿ, ದಂಡೆಗೆ ಬಂದು ಕುಸಿದು ಕುಳಿತಿತು.

"ಅಕ್ಕಯ್ಯನೇ ಎತ್ಕಂಡಂಗಾಯ್ತು," ಎಂದಳು ನಾರಾಯಣಮ್ಮ, ಮೆಲ್ಲಗೆ.

"ಅವಳ ಹೆಸ್ರು ತುಳೀತಲ್ಲೇ ಕಾಗೆ," ಎಂದರು ಜಯರಾಮಯ್ಯ. ಅವರ ಬೆನ್ನ ಹಿಂದೆ ಇನ್ನೊಂದು ಕಾಗೆ ಗೋಡೆಗಿಳಿದು ಎಡೆ ಮುಟ್ಟಿತು.

ಸಂಜೆಗೆ ಸುರೇಂದ್ರ ಹಗ್ಗ ಕಟ್ಟಿ ಕಲ್ಲನ್ನು ಎಳೆದು ತೆಗೆದ. ಅರಿಶಿನದ ನೀರಿನಲ್ಲಿ ತೊಳೆದು, ಯಾವ ಕಾಲೂ ತಾಗದ ಎತ್ತರದಲ್ಲಿ ಅದನ್ನು ಗೋಡೆಗೆ ಕೂರಿಸಿದರು. ಕೊಳದ ಒಳಮೈ ಮತ್ತೆ ನುಣ್ಣಗೆ ಹೊಳೆಯಿತು. ಮರುದಿನ ಬೆಳಕು ಹರಿಯುವ ಮೊದಲೇ ರಾಧಾಮಣಿ ಎದ್ದು, ಮಂಕರಿ ಹಿಡಿದು ಹಿತ್ತಲಿಗೆ ಹೋದಳು.

ಆ ಕೊಳದ ಮೇಲೆ ಅವಳಿಗೆ ಅಧಿಕಾರವಿಲ್ಲ. ನಿಮ್ಮ ಮನೆಯ ನೀರಿನ ಮೇಲೆ ನಿಮಗಿದೆ. ದಯವಿಟ್ಟು ಇಂದೇ ಹೋಗಿ, ಅದರೊಳಗೆ ಕಲ್ಲೊಂದನ್ನು ಓರೆಯಾಗಿ ಇಡಿ. ಯಾರ ಹೆಸರನ್ನೂ ಕೆತ್ತದ ಕಲ್ಲು ಸಾಕು.