ಡೈರಿ ಗೋಡೆಯ ಮೇಲೆ ಎರಡು ಹೆಸರು

ಹುಲಿಕೆರೆಯ ಕಲ್ಯಾಣಿಯ ಹೂಳು ತೆಗೆಯಲು ಕಾಲೇಜಿನ ಎನ್ನೆಸ್ಸೆಸ್ ಶಿಬಿರ ಬಂದಾಗ ಚನ್ನಪ್ಪ ಮಗಳಿಗೆ ಒಂದೇ ಮಾತು ಹೇಳಿದ್ದ.

"ನಮ್ಮೂರಲ್ಲೇ ನಡೆಯೋದು. ಊರೋರ ಬಾಯಿಗೆ ನಿನ್ನ ಹೆಸರು ಬಿದ್ರೆ ಅವತ್ತೇ ಕಾಲೇಜು ಬಂದ್."

ಭವ್ಯಾ ಎರಡನೇ ವರ್ಷದ ಬಿ.ಎ. ಓದುತ್ತಿದ್ದಳು. ಓದು ಮುಗಿಸುವುದು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಶಿಬಿರದಲ್ಲಿ ಹುಡುಗಿಯರಿಗೆ ಅವಳು ನಾಯಕಿ, ಹುಡುಗರಿಗೆ ಹಳೇಬೀಡಿನ ಬಟ್ಟೆ ಅಂಗಡಿಯವರ ಮಗ ಶಶಿ ನಾಯಕ. ಇಬ್ಬರೂ ಸೇರಿ ಕೆಲಸ ನಡೆಸಬೇಕು.

ಗುದ್ದಲಿ, ಮಂಕರಿ ಹೊಂದಿಸುವುದು ಶಶಿಯ ಪಾಲಿಗೆ ಬಂದಿತ್ತು. ಬೆಳಿಗ್ಗೆ ಅವನು ಮಲಗಿಯೇ ಇದ್ದ. ಭವ್ಯಾ ಮನೆಮನೆಗೆ ಹೋಗಿ ಕೇಳಿ ತಂದಳು. ಎಲ್ಲರೂ ಕೆಸರಲ್ಲಿದ್ದಾಗ ಅವನು ತಲೆ ಬಾಚಿಕೊಂಡು, ಬೂಟು ಹಾಕಿಕೊಂಡು ಬಂದು ದಡದಲ್ಲಿ ನಿಂತ. ಅವಳಿಗೆ ರೇಗಿತು.

"ಏನೋ ಶಶಿ, ಹೆಣ್ಣು ನೋಡಕ್ಕೆ ಬಂದಿದೀಯಾ? ಬೂಟು ಬಿಚ್ಚಿ ಇಳಿ ಕೆಳಗೆ."

ಹುಡುಗರು ಕೇಕೆ ಹಾಕಿದರು. ಅವನು ಇಳಿದ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಕುಂಡೆ ಊರಿ ಕೆಸರಲ್ಲಿ ಕೂತ.

"ಲೀಡರ್‌ನ ನೆಟ್ಟುಬಿಟ್ಳು ಕಣ್ಲಾ!" ಯಾರೋ ಕೂಗಿದರು.

ಶಶಿಯೂ ನಕ್ಕ. ಒಳ್ಳೆಯ ನಗುವಲ್ಲ ಅದು.

ಶಿಬಿರ ನಡೆದ ಊರಿನ ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಘೋಷಣೆ ಬರೆದು, ಕೆಳಗೆ ಇಬ್ಬರು ನಾಯಕರ ಹೆಸರು ಹಾಕುವುದು ರೂಢಿ. ಅಂದು ಸಂಜೆ ಶಶಿ ತಾನೇ ಬರೆಯುತ್ತೇನೆಂದು ಹೋದ. ಹಾಲಿನ ಡೈರಿಯ ಗೋಡೆಯನ್ನೇ ಆರಿಸಿಕೊಂಡ. ಘೋಷಣೆ ಬರೆಯಲಿಲ್ಲ. "ಶಶಿ – ಭವ್ಯಾ" ಎಂದು ಆಳೆತ್ತರ ಬರೆದು ಬಂದ.

ಬೆಳಿಗ್ಗೆ ಇಡೀ ಊರು ಹಾಲು ಹಾಕಲು ಬಂದು ನೋಡಿತು.

"ಏನ್ ಚನ್ನಪ್ಪ, ಲಗ್ನಪತ್ರಿಕೆ ಗೋಡೆ ಮೇಲೇ ಹೊಡೆಸ್ಬಿಟ್ಟೆ!" ಎಂದ ಮುಂದೆ ನಿಂತಿದ್ದ ಲಕ್ಕಪ್ಪ. ಕ್ಯೂನಲ್ಲಿದ್ದವರು ನಕ್ಕರು. ಚನ್ನಪ್ಪ ನಗಲಿಲ್ಲ.

ಸುದ್ದಿ ತಿಳಿದ ಭವ್ಯಾ ಶಿಬಿರದ ಮೇಷ್ಟ್ರು ಹೊನ್ನಯ್ಯನವರನ್ನು ಡೈರಿಗೆ ಎಳೆದು ತಂದಳು. ಶಶಿಯೂ ಹಿಂದೆ ಬಂದ.

"ಹೆಸರು ಮೊದ್ಲು ಬರೆದೆ ಸಾರ್, ಅಷ್ಟರಲ್ಲಿ ಕತ್ತಲಾಯ್ತು. ಘೋಷಣೆ ಇವತ್ತು ಬರೀತೀನಿ."

ಸುಳ್ಳು ಎಂದು ಮೇಷ್ಟ್ರಿಗೆ ಗೊತ್ತಾಯಿತು. ಆದರೆ ಶಿಬಿರದ ಅಕ್ಕಿ ಬೇಳೆ ಎಲ್ಲ ಶಶಿಯ ಅಪ್ಪ ಕೊಟ್ಟದ್ದು.

"ಲೀಡರ್‌ಗಳ ಹೆಸರೇ ಅಲ್ವೇನಮ್ಮ? ತಪ್ಪೇನೈತೆ ಅದ್ರಲ್ಲಿ?" ಎಂದರು.

ಭವ್ಯಾ ತೆಂಗಿನ ನಾರು ನೀರಿಗದ್ದಿ ತಾನೇ ಉಜ್ಜತೊಡಗಿದಳು. ಕೆಮ್ಮಣ್ಣು ಹರಡಿ ಗೋಡೆಯೆಲ್ಲ ರಾಡಿಯಾಯಿತು.

"ಏನೂ ಇಲ್ದಿದ್ರೆ ಇಷ್ಟ್ಯಾಕೆ ಉಜ್ತಾಳೆ ಹುಡ್ಗಿ?" ಹಾಲಿನ ತಂಬಿಗೆ ಹಿಡಿದಿದ್ದ ಶಿವಗಂಗಮ್ಮ ಪಕ್ಕದವಳನ್ನು ಕೇಳಿದಳು. ಮೆಲ್ಲಗೇನೂ ಕೇಳಲಿಲ್ಲ.

ಭವ್ಯಾ ಕೈ ನಿಲ್ಲಿಸಿ ತಿರುಗಿದಳು. "ಶಶಿ, ನೀನೇ ಹೇಳು ಇವ್ರಿಗೆ. ನಮ್ಮಿಬ್ರ ಮಧ್ಯೆ ಏನಾದ್ರೂ ಐತಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಶಶಿ ಜೇಬಿಗೆ ಕೈ ಹಾಕಿಕೊಂಡ. ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನಾನೇನ್ ಹೇಳ್ಲಿ ಭವ್ಯಾ? ನೀನು ಹೆಂಗ್ ಹೇಳಿದ್ರೆ ಹಂಗೆ."

ಗುಂಪು ಉಸಿರೆಳೆದುಕೊಂಡಿತು. ಚನ್ನಪ್ಪ ಹಾಲಿನ ಕ್ಯಾನು ಕೆಳಗಿಟ್ಟು ಬಂದು ಮಗಳ ಕೈಯಿಂದ ನಾರು ಕಿತ್ತುಕೊಂಡ. "ನಡಿ ಮನೆಗೆ," ಎಂದ, ಅಷ್ಟೆ. ಅವಳು ಹೇಳಿದ ಒಂದು ಮಾತನ್ನೂ ಅವನು ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಸಮಾರೋಪ. ಹುಡುಗಿಯರ ತಂಡದ ವರದಿಯನ್ನೂ ಶಶಿಯೇ ಓದಿದ. ಮೈಕಿನ ಸದ್ದು ಕಲ್ಯಾಣಿಯ ಹಿಂದಿನ ಚನ್ನಪ್ಪನ ಮನೆಯೊಳಕ್ಕೂ ಬರುತ್ತಿತ್ತು.

"ನನ್ನ ಜೊತೆ ದುಡಿದ ಭವ್ಯಾ ಮನೆ ಕೆಲಸದಿಂದಾಗಿ ಬಂದಿಲ್ಲ. ಅವಳಿಗೆ ಜೋರಾಗಿ ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಭವ್ಯಾ ಬೆಚ್ಚಿದಳು.

"ಅಲ್ಲಾಡ್ಬೇಡ ಕಣೇ, ಜಡೆ ಸೊಟ್ಟಗಾಯ್ತದೆ," ಎಂದಳು ತಾಯಿ ಸಾವಿತ್ರಮ್ಮ, ಅವಳ ತಲೆಯನ್ನು ನೇರಕ್ಕೆ ಎಳೆದುಕೊಂಡು. "ಹೆಣ್ಣು ನೋಡಕ್ಕೆ ಜಾವಗಲ್ಲಿನೋರು ಮೂರು ಗಂಟೆ ಬಸ್ಸಿಗೆ ಬತ್ತಾರೆ. ಓದು ಬಿಟ್ಟಿದೀನಿ ಅಂತ ನೀನೇ ಹೇಳ್ಬೇಕಂತೆ ಅವ್ರ ಮುಂದೆ."